ಬೋರ್ಡಿನ ಮೇಲೆ ಮೂಡಿದ ಬಂಗಾರಿ

"ಬಾ ನನ್ ಬಂಗಾರಿ, ಹೊತ್ತಾಯ್ತು, ಮನೆಗೆ ಹೋಗಾನ" ಎಂದು ಗೌರಿಯ ತಾಯಿ ಬಾಗಿಲಲ್ಲಿ ನಿಂತು ಕೂಗಿದ್ದೇ ತಡ, ಆ ಮಾತು ನಮ್ಮ ತರಗತಿಯ ಸ್ಮಾರ್ಟ್ ಬೋರ್ಡಿನ ಮೇಲೆ ಅಕ್ಷರಗಳಾಗಿ ಮೂಡಿತು.

ತಿಪಟೂರು ಬಳಿ ನಾನು ಪಾಠ ಮಾಡುವ ಶಾಲೆಯಲ್ಲಿ ಆರನೇ ತರಗತಿ ಓದುವ ಗೌರಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಲೆಕ್ಕದ ಆಟ, ನಕ್ಷೆ ತೋರಿಸುವ ಸಾಫ್ಟ್‌ವೇರ್‌ಗಳಲ್ಲಿ ಅವಳೇ ಎಲ್ಲರಿಗಿಂತ ಮುಂದು. ಮಾತನ್ನು ಬರಹವಾಗಿಸುವ ಸಾಫ್ಟ್‌ವೇರನ್ನು ಅವಳಿಗಾಗಿಯೇ ಅಂದು ಕೊನೆಯ ಪೀರಿಯಡ್ಡಿನಲ್ಲಿ ಮೊದಲ ಬಾರಿ ಹಾಕಿದ್ದೆ.

ಗೌರಿ ಓದಿದಳು. ತಿರುಗಿ ತಾಯಿಯನ್ನು ನೋಡಿದಳು. 'ಬಂಗಾರಿ' ಎಂಬ ಪದದ ಮೇಲೆ ಬೆರಳಿಟ್ಟು, ಇನ್ನೊಂದು ಕೈಯನ್ನು ಎದೆಗೊತ್ತಿಕೊಂಡು 'ನಾನಾ?' ಎನ್ನುವಂತೆ ಹುಬ್ಬೇರಿಸಿದಳು.

ಓದು ಬಾರದ ತಾಯಿ, "ಏನ್ ಕೇಳ್ತಾವ್ಳೆ ಮಿಸ್?" ಎಂದರು.

"ನೀವು ಬಂಗಾರಿ ಅಂದಿದ್ದು ಅಲ್ಲಿ ಬರ್ದು ಬಂದೈತೆ ಕಣಮ್ಮ. ಅದು ತಾನೇನಾ ಅಂತಾವ್ಳೆ."

"ಹುಟ್ದಾಗಿಂದ ಹಂಗೇ ಕರೀತಾ ಇವ್ನಿ!" ಎಂದ ಆ ತಾಯಿ, ಅಳುತ್ತ ನಗುತ್ತ ಮತ್ತೆ ಮತ್ತೆ "ಬಂಗಾರಿ, ಬಂಗಾರಿ" ಎನ್ನತೊಡಗಿದರು. ಬೋರ್ಡಿನ ತುಂಬ ಅದೊಂದೇ ಪದ. ಗೌರಿ ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಇಷ್ಟು ವರ್ಷ ಗಾಳಿಯಲ್ಲೇ ಉಳಿದಿದ್ದ ಹೆಸರೊಂದು ನನ್ನ ಕಣ್ಣೆದುರೇ ಆ ಮಗುವನ್ನು ತಲುಪಿತು. ಅವರಿಬ್ಬರೂ ಹೋದ ಮೇಲೂ ಬೋರ್ಡ್ ಆರಿಸಲು ನನಗೆ ಬಹಳ ಹೊತ್ತು ಮನಸ್ಸು ಬರಲಿಲ್ಲ.