ಯಾವ ಮುಖ ಮೊದಲು: ಸೂಜಿ ಮೇಷ್ಟ್ರು ಮತ್ತು ಒಂದು ಬ್ಲೂಸ್-ರಾಕ್ ರೆಕಾರ್ಡು

ಬಾನುಲಿಯಲ್ಲಿ ದನಿ ಕೊಟ್ಟವರನ್ನು ಕೇಳುಗರು ನೆನೆಯುತ್ತಾರೆ. ಆ ದನಿಗಳ ದೂಳೊರೆಸಿ, ಕವಚದಲ್ಲಿಟ್ಟು, ಕೇಳಿದ ನಿಮಿಷಕ್ಕೆ ತೆಗೆದು ಕೊಟ್ಟವರನ್ನು ನೆನೆಯುವವರು ಕಡಿಮೆ. ಅಂಥ ಕೆಲಸವನ್ನೇ ಮೂವತ್ತನಾಲ್ಕು ವರ್ಷ ನಿಷ್ಠೆಯಿಂದ ನಡೆಸಿ, ಬಾನುಲಿ ಕೇಂದ್ರದ ಧ್ವನಿ ಭಂಡಾರವನ್ನು ಹನ್ನೊಂದು ಸಾವಿರ ರೆಕಾರ್ಡುಗಳಿಗೆ ಬೆಳೆಸಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಹಿರಿಯರನ್ನು ಎಲ್ಲರೂ ಸೂಜಿ ಮೇಷ್ಟ್ರು ಎಂದೇ ಕರೆಯುತ್ತಾರೆ. ರೆಕಾರ್ಡಿನ ಮೇಲೆ ಸೂಜಿ ಇಳಿಸುವುದನ್ನು ಹೊಸಬರಿಗೆಲ್ಲ ಕೈ ಹಿಡಿದು ಕಲಿಸಿದ್ದರಿಂದ ಬಂದ ಹೆಸರದು.

ಈ ಲೇಖನದ ಭಾರ ಬಿದ್ದಿರುವುದು ಭಂಡಾರದ ಸಹಾಯಕಿಯ ಮೇಲೆ. ಮೈಕಿನ ಮುಂದಾಗಲಿ ಕಾಗದದ ಮೇಲಾಗಲಿ ‘ನಾನು’ ಎನ್ನಬಾರದೆಂದು ಮೇಷ್ಟ್ರು ಹದಿನಾರು ವರ್ಷ ತಿದ್ದಿ ತೀಡಿದ್ದರಿಂದ, ಇಲ್ಲಿಯೂ ಆಕೆ ತನ್ನನ್ನು ‘ಆಕೆ’ ಎಂದೇ ಬರೆದುಕೊಂಡಿದ್ದಾಳೆ. ಮೇಷ್ಟ್ರ ಅಭಿನಂದನ ಗ್ರಂಥದ ಸಂಪಾದಕ ಸಮಿತಿಯವರು, “ಮೇಷ್ಟ್ರ ಪ್ರಾಣ ಇರೋದೇ ಆ ಬ್ಲೂಸ್-ರಾಕ್ ಆಲ್ಬಂನಲ್ಲಿ. ಅದು ಯಾಕೆ ಹಳೇದಾಗೋದೇ ಇಲ್ಲ ಅಂತ ಬರೀರಿ” ಎಂದರು. ಹೂಂ ಎಂದವಳಿಗೆ ಮೂರು ವಾರದಿಂದ ತಲೆಬುಡ ತಿಳಿಯದಾಗಿದೆ.

ಬ್ಲೂಸ್ ಎಂಬ ಅಳಲಿನ ಹಾಡಿಗೆ ರಾಕ್ ಸಂಗೀತದ ಅಬ್ಬರ ಬೆರೆಸಿದ ಆ ಆಲ್ಬಂ ನಾಲ್ವರು ವಾದ್ಯಗಾರರದು. ರೆಕಾರ್ಡಿನ ಒಂದು ಮುಖದ ಹಾಡುಗಳೆಲ್ಲ ನಿಧಾನದವು, ಕಳೆದುಕೊಂಡವರವು. ಕಡೆಯದರಲ್ಲಿ ಡ್ರಮ್ ನಿಲ್ಲುತ್ತದೆ, ಹಾಡುಗಾರ ಸುಮ್ಮನಾಗುತ್ತಾನೆ, ಗಿಟಾರ್ ಒಂದೇ ಸ್ವಲ್ಪ ಹೊತ್ತು ಉಳಿಯುತ್ತದೆ. ಇನ್ನೊಂದು ಮುಖದಲ್ಲಿ ಮೌತ್ ಆರ್ಗನ್ನಿನ ಗಲಾಟೆ, ಚಪ್ಪಾಳೆ, ನಡುವೆ ಯಾರದೋ ತಡೆಯಲಾರದ ನಗು. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರನ್ನೂ ಮೇಷ್ಟ್ರು ಮೊದಲ ವಾರವೇ ಆಲಿಸುವ ಕೋಣೆಯಲ್ಲಿ ಕೂರಿಸಿ ಇದನ್ನು ಪೂರ್ತಿ ಕೇಳಿಸುತ್ತಿದ್ದರು; ವರ್ಷಕ್ಕೊಮ್ಮೆ ಪ್ರಸಾರವನ್ನೂ ಮಾಡಿಸುತ್ತಿದ್ದರು. ಅಳುವಿನಿಂದ ಹೊರಟು ನಗುವಿಗೆ ಮುಟ್ಟುವ ಆ ದಾರಿಯೇ ಅದರ ದೊಡ್ಡಸ್ತಿಕೆ ಎಂಬುದು ಅವರ ವಾದವಾಗಿತ್ತು. ಒಮ್ಮೆ ಒಬ್ಬ ಕೇಳುಗ, ತನ್ನ ರೆಕಾರ್ಡಿನಲ್ಲಿ ಕ್ರಮ ಬೇರೆಯಾಗಿದೆಯೆಂದು ಪತ್ರ ಬರೆದ. ಆ ಪ್ರತಿ ಕಾರ್ಖಾನೆಯಲ್ಲೇ ಎಡವಟ್ಟಾಗಿರಬೇಕೆಂದು ಮೇಷ್ಟ್ರು ಎರಡು ಪುಟ ಸಮಾಧಾನ ಹೇಳಿ ಕಳಿಸಿದರು.

ಸೇರಿದ ಮೂರನೇ ವರ್ಷ ಆಕೆಯ ಅಕ್ಕ ತೀರಿಕೊಂಡಳು. ರಜೆ ಮುಗಿಸಿ ಬಂದವಳಿಗೆ ಕವಚದ ಮೇಲಿನ ಅಕ್ಷರವೂ ಕಾಣುತ್ತಿರಲಿಲ್ಲ. ಮೇಷ್ಟ್ರು ಏನೂ ಕೇಳದೆ ಆಲಿಸುವ ಕೋಣೆಗೆ ಕರೆದೊಯ್ದು ಅದೇ ರೆಕಾರ್ಡು ಹಾಕಿದರು.

“ಮೊದಲನೇ ಮುಖ ಅಳೋಕೆ, ಎರಡನೇದು ಎದ್ದು ನಿಲ್ಲೋಕೆ. ಇದು ನನ್ನ ಬುದ್ಧಿಮಾತಲ್ಲಮ್ಮ, ಹಾಡಿದವರೇ ಹಂಗೆ ಜೋಡಿಸಿದ್ದಾರೆ,” ಎಂದು ಬಾಗಿಲೆಳೆದುಕೊಂಡು ಹೋದರು.

ಆ ತಿಂಗಳು ಆಕೆಯ ಪಾಲಿನ ಕೆಲಸವನ್ನೂ ತಾವೇ ಮಾಡಿ, ಯಾರಿಗೂ ಗೊತ್ತಾಗದಂತೆ ನೋಡಿಕೊಂಡರು. ಆಕೆ ದಿನವೂ ಊಟದ ಬಿಡುವಿನಲ್ಲಿ ಅದನ್ನು ಕೇಳಿದಳು. ಅಳುವಿನ ನಂತರ ಇನ್ನೊಂದು ಮುಖವಿದೆಯೆಂದು ಹಾಡಿದವರೇ ಹೇಳುತ್ತಿದ್ದಾರಲ್ಲ ಎಂಬ ಧೈರ್ಯವೊಂದರಿಂದಲೇ ಆಕೆ ಚೇತರಿಸಿಕೊಂಡದ್ದು.

ಮೂರು ವಾರದ ಹಿಂದೆ, ಭಂಡಾರವನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿ ಈ ರೆಕಾರ್ಡಿನ ಸರದಿ ಬಂತು. ಹಾಡಿನ ಗೆರೆ ಮುಗಿದು ಲೇಬಲ್ ಶುರುವಾಗುವ ನುಣುಪು ಜಾಗದಲ್ಲಿ ಕಾರ್ಖಾನೆಯವರು ಗೀರಿದ ಅಂಕಿಯಿರುತ್ತದೆ. ಲೇಬಲ್ಲಿನ ಪ್ರಕಾರ ಒಂದನೇ ಮುಖವಾದದ್ದರಲ್ಲಿ ಎರಡು ಎಂದಿತ್ತು, ಎರಡನೆಯದರಲ್ಲಿ ಒಂದು. ಆಕೆ ಕನ್ನಡಕ ಒರೆಸಿ ಮತ್ತೆ ನೋಡಿದಳು. ಹಳೆಯ ಲೇಬಲ್‌ಗಳು ನೀರು ಕುಡಿದು ಹಾಳಾಗಿದ್ದಕ್ಕೆ, ಮೇಷ್ಟ್ರು ಕೆಲಸಕ್ಕೆ ಸೇರಿದ ಎರಡನೇ ವಾರ ಹೊಸದನ್ನು ಟೈಪು ಮಾಡಿ ಗೋಂದಿನಲ್ಲಿ ಅಂಟಿಸಿದ್ದರು, ಅದಲು ಬದಲಾಗಿ. ಮೂಲ ಕವಚವೂ ಆಗಲೇ ಹೋಗಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದರೂ ಅಂಕಿಗಳೇ ಸರಿ. ಹದಿನಾರು ವರ್ಷದಲ್ಲಿ ಆಕೆ ಒಮ್ಮೆಯೂ ಹುಡುಕಿರಲಿಲ್ಲ. ಮೇಷ್ಟ್ರು ಹೇಳಿದ ಮೇಲೆ ಹುಡುಕುವುದೇನಿದೆ?

ಅಂದರೆ ಹಾಡಿದವರು ಜೋಡಿಸಿದ್ದು ಮೊದಲು ನಗು, ಆಮೇಲೆ ಅಳು, ಆಮೇಲೆ ಏನೂ ಇಲ್ಲ. ಹಾಗಾದರೆ ಆಕೆಯನ್ನು ಎತ್ತಿ ನಿಲ್ಲಿಸಿದ್ದು ಯಾವುದು, ಆಲ್ಬಮ್ಮೇ ಅಥವಾ ಗೋಂದೇ? ತಪ್ಪು ಕ್ರಮದಲ್ಲಿ ಇಷ್ಟು ಕಾಲ ಹಳತಾಗದೆ ಉಳಿದದ್ದನ್ನು ಹೊಗಳಿ ಬರೆಯುವುದಾದರೂ ಹೇಗೆ? ಕಂಪ್ಯೂಟರಿನಲ್ಲಿ ಸರಿಯಾಗಿ ನಮೂದಿಸಿದರೆ ಮೇಷ್ಟ್ರ ಮೂವತ್ತನಾಲ್ಕು ವರ್ಷದ ಮಾತು ಸುಳ್ಳಾಗುತ್ತದೆ. ತಪ್ಪಾಗಿ ನಮೂದಿಸಿದರೆ ಅವರು ಕಲಿಸಿದ ಕೆಲಸವೇ ಸುಳ್ಳಾಗುತ್ತದೆ. ಎರಡು ವಾರ ಹಿಂದೆಮುಂದೆ ನೋಡಿ, ಕಳೆದ ಸೋಮವಾರ ಆಕೆ ರೆಕಾರ್ಡನ್ನು ಅವರ ಮೇಜಿನ ಮೇಲಿಟ್ಟು ಅಂಕಿ ತೋರಿಸಿದಳು.

ಮೇಷ್ಟ್ರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

“ಅಯ್ಯೋ. ಆ ಪತ್ರ ಬರೆದ ಪುಣ್ಯಾತ್ಮನಿಗೆ ನಾನು ಪಾಠ ಹೇಳಿದ್ನಲ್ಲ!” ಎಂದರು. ಆಮೇಲೆ, “ನಿಂಗೂ ಹೇಳಿದ್ದೆ, ಅಲ್ವಾ?”

“ಹೂಂ ಮೇಷ್ಟ್ರೇ.”

“ಬಾ, ಸರಿಯಾಗಿ ಕೇಳೋಣ.”

ಇಬ್ಬರೂ ಕುಳಿತು ಕೇಳಿದರು. ನಗುವ ಮುಖ ಮುಗಿಯಿತು, ಅಳುವ ಮುಖ ಬಂತು. ಡ್ರಮ್ ನಿಂತಿತು, ಹಾಡುಗಾರ ಸುಮ್ಮನಾದ, ಗಿಟಾರೂ ನಿಂತಿತು. ಮೇಷ್ಟ್ರು ಅಭ್ಯಾಸದಂತೆ ಎದ್ದು, ಮಗುಚಿ ಹಾಕಲು ರೆಕಾರ್ಡಿನತ್ತ ಕೈ ಚಾಚಿದರು. ಮಗುಚಲು ಏನೂ ಉಳಿದಿರಲಿಲ್ಲ. ಚಾಚಿದ ಕೈ ಅಲ್ಲೇ ನಿಂತಿತು.

“ಇಷ್ಟೇನಾ? ಇದು ನಂಗೂ ತಡೆಯೋಕಾಗಲ್ವಲ್ಲಮ್ಮ,” ಎಂದರು ಮೇಷ್ಟ್ರು. ಆಮೇಲೆ ತಾವೇ ಕಂಪ್ಯೂಟರಿನ ಮುಂದೆ ಕುಳಿತು, ಒಂದೊಂದೇ ಬೆರಳಿನಲ್ಲಿ ಕ್ರಮವನ್ನು ಸರಿಯಾಗಿ ನಮೂದಿಸಿದರು. ಇದನ್ನೆಲ್ಲ ಬರೆಯಬಹುದೇ ಎಂದು ಆಕೆ ಕೇಳಿದ್ದಕ್ಕೆ, “ಬರಿ. ಅಭಿನಂದನ ಗ್ರಂಥದಲ್ಲಿ ಒಂದಾದ್ರೂ ನಿಜ ಇರ್ಲಿ” ಎಂದರು.

ಆಲ್ಬಂ ಯಾಕೆ ಹಳತಾಗುವುದಿಲ್ಲವೆಂಬುದು ಆಕೆಗೆ ಇನ್ನೂ ತಿಳಿದಿಲ್ಲ, ಸಮಿತಿಯವರು ಕ್ಷಮಿಸಬೇಕು. ಸೂಜಿ ಮೇಷ್ಟ್ರು ಆಯುರಾರೋಗ್ಯದಿಂದ ನೂರು ತುಂಬಲಿ, ಅವರ ಕಿವಿ ಇದಕ್ಕಿಂತಲೂ ಚುರುಕಾಗಲಿ, ಭಂಡಾರಕ್ಕೆ ಅವರು ವಾರಕ್ಕೊಮ್ಮೆಯಾದರೂ ಬರುತ್ತಿರಲಿ. ಬಂದಾಗ ಈ ರೆಕಾರ್ಡನ್ನು ಸರಿಯಾದ ಕ್ರಮದಲ್ಲೇ ಹಾಕಿಕೊಡಲಾಗುವುದು. ಕಡೆಯ ಹಾಡು ಮುಗಿದ ಮೇಲೆ ಮೇಷ್ಟ್ರು ಏಳಬೇಕಾಗಿಲ್ಲ. ಆಕೆಯೇ ಎದ್ದು ಇನ್ನೊಂದು ಮುಖ ಹಾಕುತ್ತಾಳೆ.