ಇಪ್ಪತ್ತು ಹೆಜ್ಜೆ ದೂರದ ಜನರೇಟರು

ಎಂಬತ್ತರ ದಶಕದಲ್ಲಿ ಅರಬ್ ನಾಡಿನ ಇಬ್ರಾದ ಸೂಕ್ ಪೇಟೆಯಲ್ಲಿ ಜನರೇಟರ್ ಮಾರುತ್ತಿದ್ದ ಉಳ್ಳಾಲದ ಬ್ಯಾರಿಯವರದು ಒಂದೇ ಮಾತು: "ಮಿಷಿನ್ ಹೊರಗೆ, ಮನುಷ್ಯ ಒಳಗೆ." ನಾನು ದೊಡ್ಡದು ಕೇಳಿದರೆ, "ಫ್ರಿಡ್ಜಿಗೆ, ಎರಡು ಫ್ಯಾನಿಗೆ ಇದು ಸಾಕು ಮಾರಾಯ್ರೆ," ಎಂದು ಪೆಟ್ರೋಲಿನ ಚಿಕ್ಕದನ್ನೇ ಕೊಟ್ಟು, ಜೊತೆಗೆ ಉದ್ದನೆಯ ವಯರು ಸುತ್ತಿಕೊಟ್ಟಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮರಳುಗಾಳಿಗೆ ಮಿಷಿನ್ ಹಾಳಾದೀತೆಂದು ಅದನ್ನು ಅಡುಗೆಮನೆಯಲ್ಲೇ ಓಡಿಸಿ ಕಿಟಕಿ ಮುಚ್ಚಿದೆ. ಹೆಂಡತಿ ತಲೆಸುತ್ತೆಂದು ಮಲಗಿದಳು, ಸೆಕೆಯಿರಬೇಕು ಅಂದುಕೊಂಡೆ. ಕರೆಂಟು ಹೋದಾಗಲೆಲ್ಲ ಗಿರಾಕಿಗಳ ಮನೆ ಸುತ್ತುವುದು ಬ್ಯಾರಿಯವರ ವಾಡಿಕೆ. ಬಂದವರು ಹೊಗೆಯ ವಾಸನೆಗೆ ಒಳನುಗ್ಗಿ ಮಿಷಿನ್ ನಿಲ್ಲಿಸಿ, ನಮ್ಮಿಬ್ಬರನ್ನೂ ಅಂಗಳಕ್ಕೆ ಕರೆತಂದರು. ಹೆಂಡತಿ ಕಣ್ಣು ತೆರೆದು ನೀರು ಕೇಳಿದಾಗಲೇ ನನಗೆ ಜೀವ ಬಂದದ್ದು.

ಅವರು ಬೈಯಲಿಲ್ಲ, ತಮ್ಮ ಮಾತನ್ನೂ ನೆನಪಿಸಲಿಲ್ಲ. ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ಎಣಿಸಿ ಮಿಷಿನ್ ಹೊರಗಿಟ್ಟರು. ನಾನು ಮರಳುಗಾಳಿಯ ಭಯ ಹೇಳಿದೆ.

"ಮರಳು ಹೊಕ್ಕರೆ ತನ್ನಿ, ಮಿಷಿನನ್ನಾದರೆ ನಾನು ರಿಪೇರಿ ಮಾಡಿಕೊಡ್ತೇನೆ."