ಕೋಡಿನ ಹಿಡಿ, ಅರ್ಧ ಗಡ್ಡ

ಗಜೇಂದ್ರಗಡದ ಪ್ಯಾಟಿಯೊಳಗ ಚಾಕು, ಕತ್ತಿಗೆ ಹಿಡಿ ಹಾಕೋದು ನನ್ನ ಕೆಲಸ. ಒಂದಿನ ಮುಂಜಾನಿ ಬಾಜೂ ಕಟಿಂಗ್ ಅಂಗಡಿ ಕಾಕಾ ಓಡಿಕೋತ ಬಂದ. ಕೈಯಾಗ ಗಡ್ಡ ಮಾಡೋ ಹಳೇ ಮಡಚೋ ಕತ್ತಿ, ಅದರ ಹಿಡಿ ಒಡದಿತ್ತು. ಹಿಂದ ಕೊರಳಿಗೆ ಟವೆಲ್ ಸುತ್ತಿದ ಗಿರಾಕಿ. ಅವನ ಒಂದ ಗಲ್ಲ ನುಣ್ಣಗ, ಇನ್ನೊಂದರ ತುಂಬ ಗಡ್ಡ.

"ಬ್ಲೇಡ್ ಹಾಕೋ ಕತ್ತಿಲೇ ಮುಗಸ್ರಿ ಕಾಕಾ," ಅಂದೆ.

"ಅದು ನನ್ನ ಕೈಗೆ ಒಗ್ಗಂಗಿಲ್ಲಪಾ."

"ಲಗೂ ಮಾಡ್ರಿ, ರೋಣಕ್ಕ ಕನ್ಯಾ ನೋಡಾಕ ಹೊಂಟೇನಿ," ಅಂದ ಗಿರಾಕಿ. ಅವನ ಮೊಬೈಲ್ ಒಂದ ಸಮನ ಹೊಡಕೋತಿತ್ತು.

ಎಮ್ಮಿ ಕೋಡಿನ ಎರಡು ಪಟ್ಟಿ ತಯಾರಿದ್ವು. ಮಡಚಿದಾಗ ಅಲಗು ಅವುಗಳ ನಟ್ಟನಡುವ ಕುಂದರಬೇಕು, ಇಲ್ಲಾಂದ್ರ ಪಟ್ಟಿಗೆ ತಾಗಿ ಹರಿತ ಹೋಗತೈತಿ. ತೂತು ಕೊರದು ಹಿತ್ತಾಳಿ ಮೊಳಿ ಬಡಿಯಾಕ ಹತ್ತಿದ್ದೆ, ಕಾಕಾ ಕಸಗೊಂಡ.

"ಇನ್ನೊಂದೀಟು ಬಿಗಿ ಆಗಬೇಕ್ರಿ."

"ಸಾಕು ಬಿಡಪಾ!"

ನನಗ ಸಮಾಧಾನ ಆಗಲಿಲ್ಲ, ಬೆನ್ನಹತ್ತಿ ಹೋದೆ. ಅಲ್ಲಿ ಗಿರಾಕಿ ಖುರ್ಚಿ ಹತ್ತವಲ್ಲ. "ಬಿಗಿ ಆಗಿಲ್ಲಂತ ಹಿಡಿ ಹಾಕಿದವರ ಅಂದಾರ. ಮೊದಲ ಅವರ ಗಡ್ಡ ಮಾಡ್ರಿ. ಏನೂ ಆಗಲಿಲ್ಲಂದ್ರ ನಾ ಕುಂದರ್ತೀನಿ," ಅಂದ. ಕಾಕಾ ನನ್ನ ಭುಜ ಹಿಡಿದು ಕುಂದರಿಸೇ ಬಿಟ್ಟ.

ಒಂದ ಗಲ್ಲ ಹ್ಯಾಂಗೋ ಮುಗೀತು. ಕತ್ತಿ ಗಂಟಲಿಗೆ ಇಳಿಯೋದ್ರಾಗ ಮೊಳಿ ಟಿಕ್ ಅಂದು ಸಡಲಾತು. ಕತ್ತಿ ಕಸಗೊಂಡು ನನ್ನ ಅಂಗಡಿಗೆ ಓಡಿದೆ.

ಇಬ್ಬರೂ ಬಂದು ನನ್ನ ಮುಂದ ಕುಂತ್ರು. ಗಿರಾಕಿ ಮೊಬೈಲ್ ಬಂದ್ ಮಾಡಿ ಕಿಸೇದಾಗ ಇಟ್ಟ. "ಸಾವಕಾಶ ಬಡೀರಿ, ಕನ್ಯಾ ಎಲ್ಲಿ ಹೋಗತಾಳ," ಅಂದ.

ಈಗ ಅವಸರ ಇದ್ದದ್ದು ನನಗ. ನನ್ನ ಅರ್ಧ ಮಾರಿ ಮ್ಯಾಲೆ ಸೋಪು ಒಣಗಾಕ ಹತ್ತಿತ್ತು.